ಸರಕಾರದ ದುಡ್ಡಿನ ಅಂಜಲ್ ಮೀನು

ಗಂಡನ ಜೊತೆ ಶಾರ್ಜಾಕ್ಕೆ ಹೊರಡುವ ಮೊದಲು ನನ್ನ ಎಟಿಎಂ ಕಾರ್ಡನ್ನು ಕಟಪಾಡಿಯ ತವರಿನಲ್ಲಿದ್ದ ಉಮ್ಮನ ಕೈಗೆ ಕೊಟ್ಟಿದ್ದೆ. ಅವಳ ಖರ್ಚಿಗೆ ಆ ಖಾತೆಗೇ ಹಣ ಹಾಕುತ್ತಿದ್ದೆ. ಮನೆಯ ಯಜಮಾನಿಗೆಂದು ಸರಕಾರ ಕೊಡುವ ಎರಡು ಸಾವಿರವೂ ತಿಂಗಳು ತಿಂಗಳು ಅಲ್ಲಿಗೇ ಬೀಳುತ್ತಿದ್ದುದು ಮಾತ್ರ ನನಗೆ ಗೊತ್ತಿರಲಿಲ್ಲ. ದೇಶ ಬಿಟ್ಟವಳಿಗೆ ಅದು ಸಲ್ಲುವ ಹಣವಲ್ಲ. ನಾನು ಹೋದದ್ದು ಇಡೀ ಕಟಪಾಡಿಗೆ ಗೊತ್ತಿತ್ತು, ಸರಕಾರದ ಕಿವಿಗೆ ಮಾತ್ರ ಬಿದ್ದಿರಲಿಲ್ಲ.

ರಜೆಯಲ್ಲಿ ಬಂದು ಬ್ಯಾಂಕಿಗೆ ಹೋದಾಗ ವಿಷಯ ತಿಳಿಯಿತು. ಉಮ್ಮನನ್ನು ಕೇಳಿದೆ.

"ನಿನ್ನ ಗಂಡನಿಗೆ ಸಂಬಳ ಜಾಸ್ತಿ ಆಯ್ತು ಅಂತ ತಿಳಿದೆ. ಅಂಜಲ್ ತಗೊಂಡೆ" ಎಂದಳು.

ವಿಷಯ ಹೇಳಿದ್ದೇ ತಡ, ತಲೆಯ ಮೇಲೆ ಕೈಹೊತ್ತು ಕುಳಿತಳು. ಮುಂದಿನ ವಾರ ಅವಳಿಗೆ ಉಮ್ರಾ ಯಾತ್ರೆ. ಮಕ್ಕಾಕ್ಕೆ ಹೊರಡುವವರು ಮನೆಮನೆಗೆ ಹೋಗಿ, ಋಣವಿದ್ದರೆ ತೀರಿಸಿ, "ತಪ್ಪಿದ್ದರೆ ಮನ್ನಿಸಿ" ಎಂದು ಕೇಳಿಕೊಳ್ಳುವುದು ನಮ್ಮಲ್ಲಿ ರೂಢಿ. ಬೇಲಿಯಾಚೆ ಬಿದ್ದ ತೆಂಗಿನಕಾಯಿಗಾಗಿ ಮಾತು ಬಿಟ್ಟಿದ್ದ ನೆರೆಯವಳನ್ನೂ ಉಮ್ಮ ಕೇಳಿ ಮುಗಿಸಿದ್ದಳು. ಈಗ ಸರಕಾರವೊಂದು ಬಾಕಿ. ಅದು ಮನ್ನಿಸದೆ ವಿಮಾನ ಹತ್ತುವುದಿಲ್ಲವೆಂದು ಹಟ ಹಿಡಿದಳು. ಟಿಕೆಟ್ ತೆಗೆದಿದ್ದ ನನಗೆ ಪಿತ್ತ ನೆತ್ತಿಗೇರಿತು.

ಕಾಪುವಿನಲ್ಲಿರುವ ಆ ಯೋಜನೆಯ ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿನ ಅಧಿಕಾರಿ ಹೇಳಿದಂತೆ ಅಷ್ಟೂ ಹಣವನ್ನು ಬ್ಯಾಂಕಿಗೆ ಕಟ್ಟಿ ರಶೀದಿ ತಂದೆ. ಉಮ್ಮ ಕುರ್ಚಿ ಬಿಟ್ಟು ಏಳಲಿಲ್ಲ.

"ಹಣ ಬಂತಲ್ಲ ಅಮ್ಮಾ, ಇನ್ನೆಂತ?" ಎಂದರು ಅಧಿಕಾರಿ.

"ಹಣ ಬಂತು. ಮನ್ನಿಸಿದ್ದೇನೆ ಅಂತ ನೀವು ಹೇಳಲಿಲ್ಲ."

"ಅದಕ್ಕೆ ನನಗೆ ಅಧಿಕಾರ ಇಲ್ಲ. ಮೇಲಿನವರನ್ನು ಕೇಳಬೇಕು."

"ಮೇಲಿನವನನ್ನು ನಾನೇ ಕೇಳುತ್ತೇನೆ. ನೀವು ನಿಮ್ಮದು ಹೇಳಿ."

ಹಿಂದೆ ಸಾಲಿನಲ್ಲಿ ನಿಂತಿದ್ದವರು ಗೊಣಗತೊಡಗಿದರು. "ಒಂದು ಮಾತು ಹೇಳಿಬಿಡಿ ಮಾರಾಯ್ರೆ, ನಮಗೂ ಬಸ್ಸುಂಟು" ಎಂದರೊಬ್ಬರು.

ಅಧಿಕಾರಿ ಅತ್ತಿತ್ತ ನೋಡಿದರು. ಎದ್ದು ನಿಂತು, ಅಂಗಿ ಸರಿಮಾಡಿಕೊಂಡು, ರಾಷ್ಟ್ರಗೀತೆಗೆ ನಿಂತವರಂತೆ ನೆಟ್ಟಗಾಗಿ, "ಸರಕಾರ ನಿಮ್ಮನ್ನು ಮನ್ನಿಸಿದೆ" ಎಂದರು. ಉಮ್ಮನ ಕಣ್ಣು ತುಂಬಿತು.

ಅಧಿಕಾರಿಗೂ ಹುರುಪು ಬಂತೇನೋ. "ನಮ್ಮಿಂದ ಎಂತದಾದರೂ ತಪ್ಪಾಗಿದ್ದರೆ ನೀವೂ ಮನ್ನಿಸಬೇಕು" ಎಂದು ಕೈಮುಗಿದರು.

ಉಮ್ಮ ಕಣ್ಣೊರೆಸಿಕೊಂಡು ಸ್ವಲ್ಪ ಯೋಚಿಸಿದಳು.

"ನನ್ನ ವಿಧವಾ ವೇತನ ನಿಂತು ವರ್ಷ ಆಯಿತು."

"ಅದು ಬೇರೆ ವಿಭಾಗ ಅಮ್ಮಾ."

"ಹಾಗಾದರೆ ಆಗುವುದಿಲ್ಲ" ಎಂದು ಎದ್ದು ಹೊರಟೇಬಿಟ್ಟಳು.

ಬಸ್ ನಿಲ್ದಾಣದಲ್ಲಿ ನಾನು ಬೈದೆ. "ಪಾಪ, ಅಷ್ಟು ಕೈಮುಗಿದು ಕೇಳಿದರು. ಮನ್ನಿಸಿದ್ದೇನೆ ಅನ್ನಬಾರದಿತ್ತಾ?"

"ಉಮ್ರಾಕ್ಕೆ ಹೋಗುವುದು ನಾನಲ್ವಾ?" ಎಂದಳು ಉಮ್ಮ. "ಸರಕಾರ ಹೊರಡುವಾಗ ನಮ್ಮ ಮನೆಗೆ ಬರಲಿ. ಆಗ ನೋಡುವ."