ಎಡಕ್ಕೆ ಎಳೆಯುವ ಕಾರು

ಹಬ್ಬದ ದಿನ ಕಾರಿನ ಬಾನೆಟ್ಟಿಗೆ ಅರಿಶಿನ ಕುಂಕುಮ ಬಳಿಯುವವರನ್ನು ಕಂಡರೆ ನನಗೆ ಒಳಗೊಳಗೇ ಸಿಟ್ಟು. ಭಕ್ತಿಯ ಮೇಲಲ್ಲ ಸ್ವಾಮಿ, ಬಾನೆಟ್ಟಿನ ಮೇಲೆ. ನಾವು ಬಸವನಗುಡಿಯವರು ಗಾಡಿಗೆ ಹಾರ ಹಾಕುತ್ತೇವೆ, ಬೂದುಗುಂಬಳ ಒಡೆಯುತ್ತೇವೆ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಆದರೆ ಅಷ್ಟು ಬಗ್ಗಿದಾಗಲೂ ಕಣ್ಣು ನಿಂಬೆಹಣ್ಣಿನ ಮೇಲೇ ಹೊರತು ಗಾಡಿಯ ಕೆಳಗೆ ಹೋಗುವುದಿಲ್ಲ.

ಕಾರಿಗೂ ಅಸ್ಥಿಪಂಜರ ಇರುತ್ತದೆಂದು ನನಗೆ ಗೊತ್ತಾಗಿದ್ದು ತೊಂಬತ್ತರ ದಶಕದಲ್ಲಿ, ನಮ್ಮ ಚಿಕ್ಕಪ್ಪ ಅಪ್ಪನ ಕಾರನ್ನು ಶಂಕರಪುರದ ತಿರುವಿನಲ್ಲಿ ಹೊಂಗೆಮರಕ್ಕೆ ಗುದ್ದಿಸಿದಾಗ. ಅಡ್ಡ ಬಂದ ಹಸು ಬಚಾವಾಯಿತು, ಮರಕ್ಕೂ ಏನೂ ಆಗಲಿಲ್ಲ. ಚಾಮರಾಜಪೇಟೆಯ ಗ್ಯಾರೇಜಿನ ಮೇಸ್ತ್ರಿ ಕಾರಿನಡಿ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿದರು. ಎರಡು ಕಡೆಯ ದಾರವೂ ಒಂದೇ ಉದ್ದ ಬರಬೇಕಂತೆ. ಬರಲಿಲ್ಲ.

"ಚಾಸಿ, ಅಂದ್ರೆ ಕೆಳಗಿನ ಚೌಕಟ್ಟು, ಸೊಟ್ಟಗಾಗಿದೆ ಸಾರ್. ಸರಪಳಿ ಹಾಕಿ ನಿಧಾನಕ್ಕೆ ವಾಪಸ್ ಎಳೀಬೇಕು. ಅದೂ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಎಳೀಬೇಕು, ಬಿಟ್ಟ ತಕ್ಷಣ ಕಬ್ಬಿಣ ಹಳೇ ಜಾಗಕ್ಕೆ ಹೋಗೋಕೆ ನೋಡತ್ತೆ. ದಸರಾ ಕಳೀಬಹುದು" ಎಂದರು.

ಆಯುಧಪೂಜೆಯ ದಿನ ಮನೆಮುಂದೆ ಕಾರಿಲ್ಲದಿದ್ದರೆ ತಮ್ಮಿಂದ ಹೀಗಾಯಿತೆಂದು ಚಿಕ್ಕಪ್ಪ ನೊಂದುಕೊಳ್ಳುತ್ತಾರೆ ಅನ್ನುವುದೇ ಅಪ್ಪನ ಚಿಂತೆ. "ಒಳಗಿಂದು ಆಮೇಲೆ ನೋಡೋಣ. ಹೊರಗಡೆ ಚೆನ್ನಾಗಿ ಕಾಣೋ ಹಾಗೆ ಮಾಡ್ಕೊಡಿ" ಅಂದುಬಿಟ್ಟರು. ಮುರುಕು ಮಂಚಕ್ಕೆ ಇಸ್ತ್ರಿ ಮಾಡಿದ ಹಾಸು ಹೊದಿಸಿದ ಹಾಗಾಯಿತು. ಹಬ್ಬಕ್ಕೆ ಕಾರು ಥಳಥಳ. ಚಿಕ್ಕಪ್ಪನೇ ಕುಂಬಳಕಾಯಿ ಒಡೆದರು. ಅಪ್ಪ ಅವರ ಬೆನ್ನು ತಟ್ಟಿ, "ನೋಡಿದ್ಯಾ, ಏನೂ ಆಗಿಲ್ಲ" ಎಂದರು. ಆ "ಆಮೇಲೆ" ಅನ್ನುವುದು ಮಾತ್ರ ನಮ್ಮ ಮನೆಗೆ ಬರಲೇ ಇಲ್ಲ.

ಅಂದಿನಿಂದ ಕಾರು ಎಡಕ್ಕೆ ಎಳೆಯತೊಡಗಿತು. ಅಪ್ಪ ಸ್ಟೀರಿಂಗನ್ನು ಸದಾ ಬಲಕ್ಕೆ ಬಿಗಿಹಿಡಿದು ಕೂರುವರು. ಭಾನುವಾರ ಬೆಳಗ್ಗೆ ಮತ್ತಿಕೆರೆಗೆ ಹೋಗಿ ಚಿಕ್ಕಪ್ಪನನ್ನು ಕೂರಿಸಿಕೊಂಡು ಮಾರುಕಟ್ಟೆಗೆ ಹೋಗಿ ಸೇವಂತಿಗೆ ತರುವುದು ಅಣ್ಣತಮ್ಮಂದಿರ ಪದ್ಧತಿ. ಆಗೆಲ್ಲ ಅಪ್ಪ ಏನೂ ಕಷ್ಟವಿಲ್ಲದವರ ಹಾಗೆ ರಾಜಕೀಯ ಮಾತಾಡುವರು. ಹಬ್ಬ ಕಳೆದು ಸ್ವಲ್ಪ ದಿನಕ್ಕೇ ಚಿಕ್ಕಪ್ಪ, "ನಂಗೆ ಬಸ್ಸೇ ಆರಾಮ ಅಣ್ಣ" ಎಂದರು. "ನನ್ನ ಕಾರಲ್ಲಿ ಕೂರೋಕೆ ಇವನಿಗೆ ಭಯ" ಅಂದುಕೊಂಡು ಅಪ್ಪ ಒತ್ತಾಯ ಮಾಡಲಿಲ್ಲ. ಹಬ್ಬಹರಿದಿನಕ್ಕೆ ಬರುವುದು, ಉಣ್ಣುವುದು ಎಲ್ಲ ಇತ್ತು. ಭಾನುವಾರಗಳು ಮಾತ್ರ ಹೋದವು.

ವರ್ಷಗಳ ಮೇಲೆ, ಮೂಳೆ ತಜ್ಞರು ಸ್ಟೀರಿಂಗ್ ಎಳೆದೆಳೆದು ಬಿಗಿದುಹೋದ ಅಪ್ಪನ ಭುಜವನ್ನು ಒತ್ತಿ ನೋಡಿ ತಲೆಯಾಡಿಸಿದ ಕಾಲಕ್ಕೆ, ಚಿಕ್ಕಮ್ಮ ನನ್ನ ಹತ್ತಿರ ಬಾಯಿಬಿಟ್ಟರು. "ನಿಮ್ಮ ಚಿಕ್ಕಪ್ಪಂಗೆ ಭಯ ಗಿಯ ಏನಿಲ್ಲ ಕಣೋ. ಸ್ಟೀರಿಂಗ್ ಮೇಲೆ ಬಿಗಿದ ಅಣ್ಣನ ಕೈ ನೋಡೋಕೇ ಆಗಲ್ವಂತೆ. ನಾನು ಮಾಡಿದ್ದು, ಅವನು ಅನುಭವಿಸ್ತಿದಾನೆ ಅಂತಾರೆ."

ಅದನ್ನು ಅಪ್ಪನಿಗೆ ಹೇಳಿದೆ. ಮರುದಿನ ಅಪ್ಪ ಕಾರನ್ನು ತಾವೇ ಗ್ಯಾರೇಜಿಗೆ ಒಯ್ದು, "ಎಳೀರಿ" ಎಂದರು. ಇಷ್ಟು ಒಳ್ಳೆಯ ಜನ ಒಬ್ಬರಿಗೊಬ್ಬರು ನೋವಾಗಬಾರದೆಂದೇ ಇಷ್ಟು ಕಾಲ ಹಾಳುಮಾಡಿಕೊಂಡರಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಒಂದು ದಿನ ಜಗಳವಾಡಿ ಮುಗಿಸಬಹುದಿತ್ತು.

ಕಾರು ನೆಟ್ಟಗಾಗಿ ಬಂದ ಭಾನುವಾರ ಮತ್ತಿಕೆರೆಗೆ ಹೋದೆವು. ಚಿಕ್ಕಪ್ಪ ಮುಂದೆ ಕೂತರು, ನಾನು ಹಿಂದೆ. ಮಲ್ಲೇಶ್ವರಂ ಬರುವ ಹೊತ್ತಿಗೆ ಕಾರು ಬಲಕ್ಕೆ ಹೋಗಲು ಶುರುಮಾಡಿತು. ನಾನು ಮನಸ್ಸಿನಲ್ಲೇ ಮೇಸ್ತ್ರಿಗೆ ಶಾಪ ಹಾಕಿದೆ. ಆದರೆ ಚಿಕ್ಕಪ್ಪ ನೋಡುತ್ತಿದ್ದದ್ದು ಅಪ್ಪನ ಕೈಯನ್ನು.

"ಅಣ್ಣ, ಈಗ ಅದು ಎಳೀತಿಲ್ಲ. ನೀನೇ ಎಳೀತಿದೀಯ" ಎಂದರು.

ಅಪ್ಪ ನಕ್ಕು ಕೈ ಸಡಿಲಿಸಿದರು. ಮುಂದಿನ ಸಿಗ್ನಲ್ ದಾಟುವಷ್ಟರಲ್ಲಿ ಭುಜ ಮತ್ತೆ ಬಿಗಿಯಿತು, ಕಾರು ಮತ್ತೆ ಬಲಕ್ಕೆ. ಈ ಸಲ ಚಿಕ್ಕಪ್ಪ ಕೈ ಚಾಚಿ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ ತಳ್ಳಿದರು, ಮಾರುಕಟ್ಟೆ ಬರುವವರೆಗೂ ಆ ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದರು.