ಗಂಧಕದ ಬಯಕೆ

ಅಂಬವ್ವನವರು ನಮ್ಮ ಕಟ್ಟಡಕ್ಕೆ ಬಂದದ್ದು 2002ರ ಜೂನ್ ಇಪ್ಪತ್ತರಂದು. ಡೈರಿಯ ಆ ಪುಟದಲ್ಲಿ ನಾನು ಬರೆದಿರುವುದು ಇಷ್ಟೇ: ‘ಪವಿಗೆ ದವಡೆ ಹಲ್ಲು ಬರುತ್ತಿದೆ, ಇಡೀ ದಿನ ಹಟ. ಕೆಳಗಿನ ಮನೆ ಬಸವೇಶ್ವರಿಯ ತಾಯಿ ಬಂದರು. ಒಂದು ಸೂಟ್‌ಕೇಸ್ ತುಂಬ ಬರೀ ರೊಟ್ಟಿ.’ ಮುಂದಿನ ಮೂರು ತಿಂಗಳಲ್ಲಿ ಆ ಹೆಂಗಸಿಗಾಗಿ ಎಷ್ಟು ಪುಟ ಮುಗಿಯುತ್ತವೆಂದು ಆಗ ಗೊತ್ತಿರಲಿಲ್ಲ.

ನಾವಿದ್ದದ್ದು ಬಾನ್ ಊರಿನಲ್ಲಿ, ರೈನ್ ನದಿಯಿಂದ ಹತ್ತು ನಿಮಿಷದ ನಡಿಗೆ. ಕಂಪ್ಯೂಟರ್ ಕೆಲಸದವರಿಗೆ ಗ್ರೀನ್ ಕಾರ್ಡ್ ಕೊಡುತ್ತೇವೆ ಬನ್ನಿ ಎಂದು ಜರ್ಮನಿ ಕರೆದಾಗ ಹೊರಟು ಬಂದ ಎರಡು ಸಂಸಾರ ಒಂದೇ ಕಟ್ಟಡ ಸೇರಿದ್ದೆವು. ಮೂರನೇ ಮಹಡಿಯಲ್ಲಿ ಮೈಸೂರಿನ ನಾವು: ನಾನು, ನನ್ನ ಗಂಡ, ಒಂದೂವರೆ ವರ್ಷದ ಮಗಳು ಪವಿ. ಎರಡನೆಯದರಲ್ಲಿ ಮುಧೋಳದ ಕಡೆಯ ಬಸವೇಶ್ವರಿ, ಅವಳ ಗಂಡ ಪ್ರವೀಣಕುಮಾರ. ಕೆಳಗೆ ಮನೆ ಒಡತಿ ಶ್ರೀಮತಿ ಕೆಸೆಲ್, ಜರ್ಮನ್‌ನಲ್ಲಿ ಫ್ರೌ ಕೆಸೆಲ್. ಎಪ್ಪತ್ತು ದಾಟಿದವರು, ಮಧ್ಯಾಹ್ನ ಒಂದರಿಂದ ಮೂರರವರೆಗೆ ಸದ್ದು ಕೂಡದೆಂಬ ನಿಯಮದವರು, ಆಗ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಬಾಗಿಲು ತೆರೆದು ನೋಡುವವರು.

ಅಂಬವ್ವನವರಿಗೆ ಅರವತ್ತೆರಡು. ನಾಲ್ವರು ಹೆಣ್ಣುಮಕ್ಕಳಲ್ಲಿ ಬಸವೇಶ್ವರಿ ಕೊನೆಯವಳು. ಮೇಲಿನ ಮೂವರದು ಸೇರಿ ಏಳು ಬಾಣಂತನ ಮಾಡಿದ ಕೈ ಅದು. ಎಂಟನೆಯದಕ್ಕಾಗಿ ಮೊದಲ ಸಲ ವಿಮಾನ ಹತ್ತಿದ್ದರು. ಮಗಳ ದಿನ ತುಂಬುವುದು ಅಕ್ಟೋಬರ್ ಮಧ್ಯದಲ್ಲಿ. ಆದರೆ ಏಳನೇ ತಿಂಗಳ ಕುಬಸಕ್ಕೂ, ಅಂದರೆ ನಮ್ಮ ಕಡೆಯ ಸೀಮಂತಕ್ಕೂ, ತವರಿನವರೇ ಬೇಕಲ್ಲ, ಹಾಗಾಗಿ ಅಳಿಯ ಜೂನ್‌ನಲ್ಲೇ ಕರೆಸಿಕೊಂಡುಬಿಟ್ಟಿದ್ದ. ವೀಸಾ ಇರುವುದು ಮೂರೇ ತಿಂಗಳು, ಮುಗಿಯುವ ಹೊತ್ತಿಗೆ ಒಂದು ಅರ್ಜಿ ಬರೆದು, ತುಂಬು ಬಸುರಿಯನ್ನು ಸಾಹೇಬರ ಮುಂದೆ ನಿಲ್ಲಿಸಿದರಾಯಿತು ಎಂಬುದು ಅವನ ಎಣಿಕೆ. ನಮ್ಮ ಕಡೆಯ ಕಚೇರಿಯಾಗಿದ್ದರೆ ಅಷ್ಟಕ್ಕೆ ಕರಗುತ್ತಿತ್ತು. ಇಲ್ಲಿಯ ಕಚೇರಿಯ ಹೆಂಗಸು ಬಸವೇಶ್ವರಿಗೆ ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ಹೆರಿಗೆ ಸುಖವಾಗಲೆಂದು ಹಾರೈಸಿದಳು, ದಿನ ಮಾತ್ರ ಹೆಚ್ಚಿಸಲಿಲ್ಲ. ಸೆಪ್ಟೆಂಬರ್ ಹದಿನೇಳಕ್ಕೆ ಅಂಬವ್ವ ಹೊರಡಲೇಬೇಕು.

ಕಚೇರಿಗೆ ಹೋಗಿಬಂದ ಮರುದಿನ ನಾನು ಪವಿಯನ್ನು ಎತ್ತಿಕೊಂಡು ಕೆಳಗಿಳಿದಾಗ ಅಡುಗೆಮನೆಯಲ್ಲಿ ಮಗಳ ವಿಚಾರಣೆ ನಡೆದಿತ್ತು.

“ಕುಬಸ ಆತು. ಬಾಣಂತನ ನನ್ನ ಕೈ ತಪ್ಪಿತು, ಹೋಗ್ಲಿ. ಬಯಕಿನರ ತೀರಿಸಿ ಹೋಗ್ತೀನಿ. ಹೇಳ, ಏನ ಬೇಕು ನಿನಗ?”

“ಏನೂ ಬ್ಯಾಡವ್ವಾ.”

“ಬಸರ ಹೆಂಗಸಿಗೆ ಏನೂ ಬ್ಯಾಡ ಅಂದ್ರ ಅದು ಸುಳ್ಳು. ಮಾಡಾಕ ಆಗ್ಲಾರದ್ದ ಏನೋ ಐತಿ ನಿನ್ನ ಮನಸಿನ್ಯಾಗ.”

ಬಸವೇಶ್ವರಿ ನನ್ನ ಮುಖ ನೋಡಿದಳು. ಆಮೇಲೆ ಬಾಯಿಗೆ ಸೆರಗು ಮುಚ್ಚಿ ನಕ್ಕಳು. “ತಿನ್ನೂದಲ್ಲವ್ವಾ. ಮೂಸೂದು.”

ಕಥೆ ಜಪಾನಿನದು. ಫೆಬ್ರುವರಿಯಲ್ಲಿ ಪ್ರವೀಣನ ಕಂಪನಿ ಅವನನ್ನು ಎರಡು ವಾರ ಅಲ್ಲಿಗೆ ಕಳಿಸಿದಾಗ ಇವಳೂ ಹೋಗಿದ್ದಳು. ಬಸುರೆಂದು ಇನ್ನೂ ಗೊತ್ತಿರಲಿಲ್ಲ. ರಜೆಯ ದಿನ ಜೀವಂತ ಜ್ವಾಲಾಮುಖಿಯ ಕಣಿವೆ ನೋಡೋಣವೆಂದು ಹೊರಟರೆ ರೈಲಿನಲ್ಲಿ ವಾಂತಿ, ಬಸ್ಸಿನಲ್ಲಿ ವಾಂತಿ. ಕೊನೆಗೆ ತಂತಿಯ ಮೇಲೆ ತೂಗುವ ಗಾಜಿನ ಡಬ್ಬಿಯಲ್ಲಿ ಕೂತು ಗುಡ್ಡದ ನೆತ್ತಿ ದಾಟಿದಾಗ ಕಾಲ ಕೆಳಗೆ ಇಡೀ ಕಣಿವೆ ಹೊಗೆಯಾಡುತ್ತಿತ್ತಂತೆ. ಹುಲ್ಲಿಲ್ಲ, ಗಿಡವಿಲ್ಲ, ಹಳದಿ ಮೆತ್ತಿಕೊಂಡ ಬಂಡೆಗಳ ಸಂದಿಯಿಂದ ಬುಸ್ ಬುಸ್ಸೆಂದು ಉಗಿ. ಡಬ್ಬಿಯ ಬಾಗಿಲು ತೆರೆದದ್ದೇ ಕೊಳೆತ ಮೊಟ್ಟೆಯಂಥ, ಗೀರಿದ ಬೆಂಕಿಕಡ್ಡಿಯಂಥ ಗಂಧಕದ ನಾತ ಮುಖಕ್ಕೆ ರಾಚಿತು. ಎಲ್ಲರೂ ಮೂಗಿಗೆ ಕರವಸ್ತ್ರ ಒತ್ತಿದರೆ ಇವಳು ಕೈ ಚಾಚಿ ಎಳೆದೆಳೆದು ಉಸಿರಾಡಿದಳು.

“ಹೊಟ್ಟಿ ತೊಳಸೂದು ಟಕ್ ಅಂತ ನಿಂತು ಬಿಡ್ತು ನೋಡಕ್ಕಾ,” ಎಂದು ನನಗೆ ಹೇಳಿದಳು. “ನಾ ಕುಣಕೋತ ಅಡ್ಡಾಡಿದೆ. ಅಲ್ಲಿ ಮೊಟ್ಟಿ ಕುದಿಸಿ ಮಾರ್ತಾರ, ಮ್ಯಾಲಿನ ಸಿಪ್ಪಿ ಕಪ್ಪ್ ಇದ್ದಲಿ. ಒಂದು ತಿಂದ್ರ ಏಳು ವರ್ಷ ಆಯುಷ್ಯ ಹೆಚ್ಚಂತ. ನಾವು ಮೊಟ್ಟಿ ತಿನ್ನಂಗಿಲ್ಲ ಅಂದ್ರ ಮಾರಾಕಿ ನಮ್ಮನ್ನ ಎಷ್ಟ್ ಕನಿಕರದಿಂದ ನೋಡಿದ್ಳಂತೀ!”

ಆ ನಾತ ಮತ್ತೊಮ್ಮೆ ಬೇಕು. ಇದೇ ಬಯಕೆ.

ಅಂಬವ್ವ ನಗಲಿಲ್ಲ. “ಜಪಾನ ಇಲ್ಲಿಂದ ಎಷ್ಟ್ ತಾಸಿನ ಹಾದಿ?” ಎಂದು ಕೇಳಿದರು. ವಿಮಾನದಲ್ಲಿ ಹನ್ನೆರಡು ಎಂದೆ. ಕೈಬೆರಳಿನಲ್ಲಿ ಏನೋ ಎಣಿಸಿ, ಅರ್ಧಕ್ಕೇ ಬಿಟ್ಟರು.

ಅವರ ಭಯ ನನಗೆ ಅರ್ಥವಾದದ್ದು ಆಮೇಲೆ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ. ನಮ್ಮ ಮೈಸೂರಿನಲ್ಲೂ ಈ ಮಾತಿದೆ, ನಾವು ಹೇಳಿ ನಕ್ಕು ಬಿಡುತ್ತೇವೆ. ಅಂಬವ್ವ ನಗುವಂತಿರಲಿಲ್ಲ. ಹಿರಿಮಗಳು ಗಂಗವ್ವ ದೀಪಾವಳಿ ಹೊತ್ತಿಗೆ ಹಸಿ ಮಾವಿನಕಾಯಿ ಬೇಡಿದ್ದಳಂತೆ. ಆ ಕಾಲದಲ್ಲಿ ಎಲ್ಲಿಂದ ತರುವುದು? ಅವಳ ಮಗ ಗುರುಬಸಪ್ಪನ ಕಿವಿ ಆರು ವರ್ಷ ಸೋರಿತು. “ಅಲ್ಲಿ ನಾ ಇದ್ದೆ, ಬಳ್ಳೊಳ್ಳಿ ಎಣ್ಣಿ ಕಾಸಿ ಹಾಕಿದೆ, ಅರಿವಿ ಸುತ್ತಿ ಒರಸಿದೆ. ಇಲ್ಲಿ ಯಾರ ಒರಸ್ತಾರ, ತಂಗಿ?”

ಮರುದಿನ ಅವರು ಸೂಪರ್‌ಮಾರ್ಕೆಟ್ಟಿನಿಂದ ಹತ್ತು ಬೆಂಕಿಪೊಟ್ಟಣದ ಕಟ್ಟು ತಂದರು. ಬಸುರಿಗೆ ಗಾಳಿ ತಾಕಬಾರದೆಂದು ಅಡುಗೆಮನೆಯ ಕಿಟಕಿ ಮುಚ್ಚಿ, ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಕೆಳಗೆ ಒಂದಾದ ಮೇಲೊಂದು ಕಡ್ಡಿ ಗೀರತೊಡಗಿದರು. ಚರ್ರ್! “ಇದ?” “ಅಲ್ಲವ್ವಾ.” ಚರ್ರ್! “ಇದರಾಗ?” “ಹತ್ರ ಬರ್ತೈತಿ, ಓಡಿ ಹೋಗ್ತೈತಿ. ಅದು ನಿಂತಿತ್ತವ್ವಾ, ಓಡ್ತಿದ್ದಿಲ್ಲ,” ಎಂದು ಮಗಳು ಹೇಳಿದ ಮೇಲೆ ಅಂಬವ್ವ ಐದೈದು ಕಡ್ಡಿ ಜೋಡಿಸಿ ಗೀರಿದರು.

ಮೂರನೇ ಪೊಟ್ಟಣ ಖಾಲಿಯಾಗುವ ಹೊತ್ತಿಗೆ ಬಾಗಿಲು ದಬದಬ. ತೆರೆದರೆ ಫ್ರೌ ಕೆಸೆಲ್, ಎರಡೂ ಕೈಯಲ್ಲಿ ತುಂಬಿದ ಬಕೆಟ್, ಎಸೆಯಲು ಸಿದ್ಧ. ಬೆಂಕಿ ಎಲ್ಲಿ, ಬೆಂಕಿ ಎಲ್ಲಿ ಎಂದು ಒಳನುಗ್ಗಿದರು. ಕಂಡದ್ದು ಹೊಟ್ಟೆ ಹೊತ್ತು ಕೂತ ಹುಡುಗಿ, ನೆಲದ ಮೇಲೆ ರಾಶಿ ಸುಟ್ಟ ಕಡ್ಡಿ, ಮಧ್ಯದಲ್ಲಿ ಇಳಕಲ್ ಸೀರೆಯ ಅಂಬವ್ವ, ಮತ್ತು ಆ ಕಡ್ಡಿಗಳನ್ನು ಸಾಲಾಗಿ ಜೋಡಿಸುತ್ತಿದ್ದ ನನ್ನ ಪವಿ.

ನನ್ನ ಅರೆಬರೆ ಜರ್ಮನ್‌ನಲ್ಲಿ ನಾನು ವಿವರಿಸಿದೆ. ಬಸುರಿ. ಆಸೆ. ಗಂಧಕ. ಮನೆ ಖಾಲಿ ಮಾಡಿ ಎನ್ನುತ್ತಾರೆಂದೇ ಅಂದುಕೊಂಡೆ. ಫ್ರೌ ಕೆಸೆಲ್ ಬಕೆಟ್ ಕೆಳಗಿಟ್ಟರು. ದೊಡ್ಡ ಮಗ ಹೊಟ್ಟೆಯಲ್ಲಿದ್ದಾಗ ನಾನು ದನದ ಕೊಟ್ಟಿಗೆಯ ಗೋಡೆಯ ಸುಣ್ಣ ಕೆರೆದು ತಿಂದಿದ್ದೆ ಎಂದರು. ಹೇಳಿ ಹುಡುಗಿಯಂತೆ ಕೆಂಪಾದರು.

“ಏನಂದ್ಳು ಕೆಸೆಲವ್ವ?” ಅಂಬವ್ವ ಕೇಳಿದರು. ಹೇಳಿದೆ. “ಹಂಗಾರ ನಮ್ಮಾಕಿನ!” ಎಂದು ಅವರ ಕೈ ಹಿಡಿದು ಕೂರಿಸಿಯೇ ಬಿಟ್ಟರು.

ದಾರಿ ತೋರಿಸಿದ್ದು ಆ ಕೆಸೆಲವ್ವನೇ. ಅವರ ತವರು ಐಫೆಲ್ ಗುಡ್ಡಗಳಲ್ಲಿ. ಅಲ್ಲಿಯ ನೆಲದಡಿ ಹಳೆಯ ಜ್ವಾಲಾಮುಖಿ ಇನ್ನೂ ಉಸಿರಾಡುತ್ತಿದೆ. ವಾಲೆನ್‌ಬೋರ್ನ್ ಎಂಬ ಹಳ್ಳಿಯ ಮಧ್ಯದಲ್ಲೇ ಒಂದು ಬುಗ್ಗೆ, ಅರ್ಧ ಗಂಟೆಗೊಮ್ಮೆ ಕುದಿದು ಮೇಲೇಳುತ್ತದೆ, ನಾರುತ್ತದೆ ಕೂಡ. ಜಪಾನ್ ಯಾಕೆ, ನೂರು ಕಿಲೋಮೀಟರ್ ಚಿಲ್ಲರೆ, ಭಾನುವಾರ ಹೋಗಿಬನ್ನಿ ಎಂದು ನಕ್ಷೆಯಲ್ಲಿ ಪೆನ್ಸಿಲ್ ಗುರುತು ಹಾಕಿ ಕೊಟ್ಟರು. ಹೋಗುವಾಗ ಉಳಿದ ಬೆಂಕಿಪೊಟ್ಟಣಗಳನ್ನು ತಮ್ಮ ಏಪ್ರನ್ ಜೇಬಿಗೆ ಹಾಕಿಕೊಂಡು ಹೋದರು.

ಸೆಪ್ಟೆಂಬರ್ ಎಂಟು, ಭಾನುವಾರ. ಪ್ರವೀಣನ ಹಳೇ ಕಾರಿನಲ್ಲಿ ಐದು ಜನ. ಬಸವೇಶ್ವರಿಗೆ ಒಂಬತ್ತನೇ ತಿಂಗಳು ಬಿದ್ದಿತ್ತು. ಮುಂದಿನ ಸೀಟಿನಲ್ಲಿ ಎರಡು ದಿಂಬು ಇಟ್ಟು ಕೂರಿಸಿದೆವು. ನನ್ನ ಚೀಲದಲ್ಲಿ ಆರು ಡೈಪರ್, ಎರಡು ಜೊತೆ ಬಟ್ಟೆ, ಪ್ಲಾಸ್ಟಿಕ್ ಹಾಳೆ, ಆಸ್ಪತ್ರೆಯ ಫೋನ್ ನಂಬರ್. ಅಂಬವ್ವನ ಚೀಲದಲ್ಲಿ ರೊಟ್ಟಿ, ಹಿಂಡಿಯೆಂಬ ಶೇಂಗಾ ಚಟ್ನಿಪುಡಿ, ತೆಂಗಿನಕಾಯಿ, ಅಕ್ಕಿ, ಅರಿಷಿಣ ಕುಂಕುಮ, ಹಸಿರು ಬಳೆ, ರವಿಕೆಯ ಖಣ.

“ಮಡಿಲು ತುಂಬೋದು ಮನೇಲೇ ಮಾಡಬಹುದಲ್ವಾ ಅಮ್ಮ?” ಎಂದೆ.

“ಬಯಕಿ ಎಲ್ಲಿ ತೀರ್ತೈತೋ ಅಲ್ಲೇ ಉಡಿ ತುಂಬಬೇಕು. ಮನ್ಯಾಗ ತುಂಬಿದ್ರ ಕೂಸಿಗೆ ಹೆಂಗ ತಿಳೀಬೇಕು?”

ನಾವು ಮುಟ್ಟಿದಾಗ ಬುಗ್ಗೆ ಆಗತಾನೇ ಹಾರಿ ಮುಗಿದಿತ್ತು. ಹಳ್ಳಿಯ ಮನೆಗಳ ನಡುವೆ ಕಲ್ಲಿನ ದುಂಡು ಕಟ್ಟೆ, ಅದರೊಳಗೆ ಸುಮ್ಮನೆ ಮಲಗಿದ ನೀರು. ಬಸವೇಶ್ವರಿ ಮೂಗು ಅರಳಿಸಿ ನಿಂತಳು. ಇಲ್ಲ. ದನದ ಗೊಬ್ಬರದ ವಾಸನೆ, ಅಷ್ಟೇ. ಅಂಬವ್ವನ ಮುಖ ಸಣ್ಣದಾಯಿತು.

ಅರ್ಧ ಗಂಟೆ ಕಾದೆವು. ಸೈಕಲ್ ಮೇಲೆ ಬಂದ ನಾಲ್ಕು ಜನ ಜರ್ಮನರೂ ಕಾದರು. ಮೊದಲು ಕೇಳಿಸಿದ್ದು ಸದ್ದು. ನೆಲದೊಳಗೆ ಯಾರೋ ಗಂಟಲು ಮುಕ್ಕಳಿಸಿದ ಹಾಗೆ ಗುಳುಗುಳು. ನೀರು ಉಬ್ಬಿತು, ಬೂದು ಬಣ್ಣಕ್ಕೆ ತಿರುಗಿತು, ಕುದಿಯಿತು, ಪವಿ ಕಿರುಚುವಷ್ಟರಲ್ಲಿ ಭುಸ್ಸೆಂದು ಆಳೆತ್ತರ ದಾಟಿ ಹಾರಿತು. ಅಂಬವ್ವ “ಯವ್ವಾ ಸುಡ್ತೈತಿ!” ಎಂದು ಮಗಳ ಹೊಟ್ಟೆಗೆ ಅಡ್ಡ ನಿಂತರು. ಹನಿ ಬಂದು ಕೈಮೇಲೆ ಬಿತ್ತು.

“ತಣ್ಣಗೈತಿ!” ಅವರ ಕಣ್ಣು ಅಗಲವಾದವು. “ಅಳಿಯಾವ್ರ, ತಣ್ಣಗೈತ್ರೀ! ಒಲಿ ಇಲ್ಲದ ಕುದಿಯಾಕತ್ತೈತಿ!”

ಪ್ರವೀಣ ಗ್ಯಾಸಿನ ಒತ್ತಡ, ಸೋಡಾ ಬಾಟಲಿ ಎಂದೆಲ್ಲ ವಿವರಿಸಲು ಹೊರಟ. ಅಂಬವ್ವ ಕೇಳಿಸಿಕೊಳ್ಳಲಿಲ್ಲ. ಅರ್ಧ ತಾಸಿಗೊಮ್ಮೆ ಹೀಗೇ ಏನು ಎಂದರು. ಹೌದೆಂದ. “ಹಂಗಾರ ಗ್ಯಾಸ್ ಅಲ್ಲರೀ. ಭೂಮ್ತಾಯಿಗೂ ಬಸರ ಆಗೈತಿ. ಪಾಪ, ಹೊಟ್ಟಿ ತೊಳಸಾಕತ್ತೈತಿ ಆಕಿಗೆ.”

ನಾವು ನಗುತ್ತಿದ್ದಂತೆ ಗಾಳಿ ತಿರುಗಿತು. ಸೈಕಲ್ಲಿನವರೆಲ್ಲ ಒಟ್ಟಿಗೆ ಮೂಗು ಹಿಡಿದರು. ನಾನು ಪವಿಯ ಮುಖವನ್ನು ನನ್ನ ಶಾಲಿನಲ್ಲಿ ಮುಚ್ಚಿದೆ. ಬಸವೇಶ್ವರಿ ಎರಡು ಹೆಜ್ಜೆ ಮುಂದೆ ಹೋಗಿ, ಕಣ್ಣು ಮುಚ್ಚಿ, ಎಳೆದಳು.

“ಬಂತ?” ಅಂಬವ್ವ.

“ಬಂತವ್ವಾ... ಹೋತು. ಇನ್ನೊಂದ್ ಸ್ವಲ್ಪ ಬೇಕು.”

ಇನ್ನೊಂದು ಸ್ವಲ್ಪಕ್ಕೆ ಮತ್ತೆ ಅರ್ಧ ಗಂಟೆ. ಈ ಬಿಡುವಿನಲ್ಲಿ ಅಂಬವ್ವ ಕಟ್ಟೆಯ ಮೇಲೆ ಮಗಳನ್ನು ಕೂರಿಸಿ ಹಸಿರು ಬಳೆ ತೊಡಿಸಿದರು, ಉಡಿಗೆ ಅಕ್ಕಿ, ಕಾಯಿ, ಖಣ ತುಂಬಿದರು. ಆಮೇಲೆ ಕಟ್ಟೆಯ ಕಲ್ಲಿಗೂ ಅರಿಷಿಣ ಕುಂಕುಮ ಹಚ್ಚಿ, ಒಂದು ಹಿಡಿ ಅಕ್ಕಿ ಇಟ್ಟರು. “ಇಬ್ಬರೂ ಬಸರ. ಒಬ್ಬಾಕಿಗೆ ಮಾಡಿ ಒಬ್ಬಾಕಿಗೆ ಬಿಟ್ರ ಕಣ್ಣ ತಾಕ್ತೈತಿ.” ಸೈಕಲ್ಲಿನ ಹೆಂಗಸೊಬ್ಬಳು ಏನಿದೆಂದು ಕೇಳಿದಳು. ನಾನು ಹೇಳಿದೆ. ಅವಳು ಹೆಲ್ಮೆಟ್ ತೆಗೆದು ಹಣೆ ಮುಂದೊಡ್ಡಿದಳು! ಅಂಬವ್ವ ಕುಂಕುಮ ಇಟ್ಟು, ರೊಟ್ಟಿಯ ಮೇಲೆ ಹಿಂಡಿ ಉದುರಿಸಿ ಕೈಗೆ ಕೊಟ್ಟರು. ಖಾರ ಹತ್ತಿ ಆ ಗುಂಪೆಲ್ಲ ಹಾ ಹೂ ಎನ್ನುವಾಗ ನೆಲ ಮತ್ತೆ ಗುಳುಗುಳು ಎಂದಿತು.

ಎರಡನೆಯ ಸಲ ನೀರು ಹಾರಿದಾಗ ಬಸವೇಶ್ವರಿ ನಕ್ಕಳು. ಮೂರನೆಯ ಸಲ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನಕ್ಕು ನಕ್ಕು ಕಣ್ಣಲ್ಲಿ ನೀರು. ಅವಳ ನಗು ಪ್ರವೀಣನಿಗೆ ಹತ್ತಿತು, ನನಗೆ ಹತ್ತಿತು, ಏಕೆಂದು ಗೊತ್ತಿಲ್ಲದ ಪವಿ ಗಿರಗಿರ ಸುತ್ತಿ ತಲೆ ತಿರುಗಿ ಹುಲ್ಲಿನ ಮೇಲೆ ಬಿದ್ದಳು. ಅಂಬವ್ವ ಒಬ್ಬರೇ ಗಂಭೀರವಾಗಿ ಮಗಳ ಮುಖವನ್ನೇ ನೋಡುತ್ತಿದ್ದರು.

“ಸಾಕವ್ವಾ,” ಎಂದಳು ಬಸವೇಶ್ವರಿ. “ಈಗ ನಾರಾಕತ್ತೈತಿ. ಹೋಗೂಣು ನಡಿ.”

ನಾರುತ್ತಿದೆ! ಆ ಒಂದು ಮಾತು ಕೇಳಬೇಕಾಗಿತ್ತು ಅವರಿಗೆ. ಅಂಬವ್ವ ಸೆರಗಿನಿಂದ ತಮ್ಮ ಮೂಗನ್ನು ಮುಚ್ಚಿಕೊಂಡರು. “ಅಬ್ಬಬ್ಬಾ, ಏನ ಹೊಲಸ ನಾತ ತಂಗಿ! ನಾ ಮುಂಜಾನಿಂದ ಉಸಿರ ಬಿಗಿ ಹಿಡಕೊಂಡ ನಿಂತೀನಿ.” ಆಮೇಲೆ ನಕ್ಕರು ನೋಡಿ, ಕಟ್ಟೆ ಹಿಡಿದುಕೊಂಡು ಬಗ್ಗಿ ಬಗ್ಗಿ.

ಹದಿನೇಳಕ್ಕೆ ಅವರು ಹೊರಟರು. ಫ್ರೌ ಕೆಸೆಲ್ ಮಧ್ಯಾಹ್ನ ಎರಡು ಗಂಟೆಗೆ, ತಮ್ಮದೇ ನಿಯಮ ಮುರಿದು, ಮೆಟ್ಟಿಲ ಮೇಲೆ ಗಟ್ಟಿಯಾಗಿ ಮಾತಾಡುತ್ತ ಬೀಳ್ಕೊಟ್ಟರು. ನನ್ನ ಕೈಗೆ ಅಂಬವ್ವ ಕೊಟ್ಟದ್ದು ಒಂದು ಸೀಸೆ ಬೆಳ್ಳುಳ್ಳಿ ಎಣ್ಣೆ. “ಬೇಕಾಗೂದಿಲ್ಲ. ಆದ್ರೂ ಇಟ್ಟಿರು.”

ಅಕ್ಟೋಬರ್ ಹದಿಮೂರರ ಬೆಳಿಗ್ಗೆ ಹೆರಿಗೆಯಾಯಿತು. ಪ್ರವೀಣ ಅಳುತ್ತ ಕೂತಿದ್ದರಿಂದ ಆಸ್ಪತ್ರೆಯ ಕಾರಿಡಾರಿನ ಫೋನಿನಿಂದ ಮುಧೋಳಕ್ಕೆ ನಾನೇ ಮಾತಾಡಿದೆ.

“ಹೆರಿಗೆ ಆಯ್ತು ಅಮ್ಮ! ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.”

“ಕಿವಿ?”

ಹುಟ್ಟಿದ ದಿನವೇ ಸೋರುತ್ತದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. “ಒಣಗಿದೆ ಅಮ್ಮ.”

“ಎರಡೂ ನೋಡಿದೇನ?”

ಒಂದೇ ನೋಡಿದ್ದೆ, ಇನ್ನೊಂದು ಬಸವೇಶ್ವರಿಯ ಎದೆಗೆ ಒತ್ತಿಕೊಂಡಿತ್ತು. ಫೋನನ್ನು ನೇತುಬಿಟ್ಟು ಓಡಿದೆ. ನಿದ್ದೆಯಲ್ಲಿದ್ದ ಪುಟ್ಟ ತಲೆಯನ್ನು ಮೆಲ್ಲನೆ ತಿರುಗಿಸಿ, ಬಗ್ಗಿ ನೋಡಿ, ಬೆರಳ ತುದಿಯಿಂದ ಮುಟ್ಟಿಯೂ ನೋಡಿ, ಓಡಿ ಬಂದೆ.

“ಎರಡೂ ಒಣಗಿವೆ, ಅಮ್ಮ.”

ಆ ಕಡೆಯಿಂದ ಒಂದು ಉದ್ದನೆಯ ಉಸಿರು ಕೇಳಿಸಿತು. ಆಮೇಲೆ ಕೇಳಿದರು, ಗಂಡೋ ಹೆಣ್ಣೋ ಎಂದು.