ಹೋತದ ಕೊರಳ ಗಂಟೆ

ನಾನು ಸಣ್ಣವಳಿದ್ದಾಗ ವಳಕಮದಿನ್ನಿಯ ನಮ್ಮ ಮನೆಯ ಗೋಡೆಗೆ ಗಡಿಯಾರವೊಂದಿತ್ತು, ನಿಜ. ಆದರೆ ಸಂಜೆ ಅವ್ವ ಒಲೆಯ ಮೇಲೆ ಹಂಚಿಡುತ್ತಿದ್ದುದು ಅದನ್ನು ನೋಡಿ ಅಲ್ಲ, ತಾತನ ಹೋತದ ಕೊರಳ ಗಂಟೆ ಕೇಳಿ. ಗಂಟೆ ಕಾಲುವೆಯ ಸೇತುವೆ ದಾಟಿತೆಂದರೆ ಹಿಟ್ಟು ನಾದಲು ಕೂರುತ್ತಿದ್ದಳು. ತಾತ ಕುರಿಗಳನ್ನು ದೊಡ್ಡಿಗೆ ಕೂಡಿ, ಕೈಕಾಲು ತೊಳೆದು ಬರುವಷ್ಟರಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಲೆ ತಯಾರಿರುತ್ತಿತ್ತು.

ಹೋತವನ್ನು ಹಿಂಡಿನ ಮುಂದಾಳು ಮಾಡಿದ್ದು ತಾತನೇ. ಕುರಿಗೆ ತಲೆ ಬಗ್ಗಿಸಿ ನಡೆಯುವುದೊಂದೇ ಗೊತ್ತು, ಆಡಿನ ಜಾತಿಗೆ ದಾರಿ ಗೊತ್ತು ಅನ್ನುತ್ತಿದ್ದ. ಮರಿಯಿದ್ದಾಗಿನಿಂದ ಆ ಗಂಟೆ ಕೇಳಿ ಬೆಳೆದ ಕುರಿಗಳು, ಸಪ್ಪಳ ಎಲ್ಲೋ ಅಲ್ಲೇ. ತಾತ ಕೋಲು ಹಿಡಿದದ್ದನ್ನೇ ನಾನು ಕಂಡಿರಲಿಲ್ಲ. ಅದು ಅವನಿಗೆ ಸ್ವಲ್ಪ ಜಂಬದ ಸಂಗತಿಯೂ ಹೌದು.

ಒಂದು ವರ್ಷ ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ಮೇಯಿಸಲು, ಶಾಲೆ ಸೂಟಿ ಇದ್ದ ದಿನ ನಾನೂ ಹೋಗಿದ್ದೆ. ಪಕ್ಕದ ಬಸಣ್ಣ ಕಾಕಾನ ಭತ್ತ ಮಾತ್ರ ಇನ್ನೂ ನಿಂತಿತ್ತು. ಹಕ್ಕಿ ಓಡಿಸಲು ಅವನು ಪೈಪಿನ ಬಂದೂಕು ತಂದಿದ್ದ. ಒಳಗೆ ಕಾರ್ಬೈಡ್ ಚೂರು, ಮೇಲಿಷ್ಟು ನೀರು. ಹಿಂದೆ ಕೂರಿಸಿದ ಗ್ಯಾಸ್ ಲೈಟರ್ ಒತ್ತಿದರೆ ಢಂ. ಅವನು ಒತ್ತಿದ, ಹಕ್ಕಿಗಳು ಹಾರಿದವು. ಕಾಲುವೆ ಏರಿಯ ಮೇಲಿದ್ದ ಹೋತ ಬೆದರಿ ನೀರಿಗೆ ಹಾರಿತು.

ಗಂಟೆ ನೀರಿನಿಂದ ಕೇಳಿಸಿತು. ಕುರಿಗಳು ಒಂದರ ಹಿಂದೊಂದು ಹಾರತೊಡಗಿದವು. ತಾತ ಅಡ್ಡ ಕೈಚಾಚಿ ನಿಂತರೆ ಅವನ ತೋಳಿನಡಿಯಿಂದಲೇ ನುಗ್ಗಿದವು. ನಾನು ಒಂದು ಮರಿಯ ಕಾಲು ಹಿಡಿದಿದ್ದೆ, ಅದೂ ಕೊಸರಿಕೊಂಡು ಹೋಯಿತು. ಸಿಮೆಂಟಿನ ಇಳಿಜಾರಿನಲ್ಲಿ ಗೊರಸು ನಿಲ್ಲಲಿಲ್ಲ. ನೆನೆದ ಉಣ್ಣೆ ಕೆಳಗೆ ಎಳೆಯಿತು. ಹೋತ ಮಾತ್ರ ಬಟ್ಟೆ ಒಗೆಯುವ ಮೆಟ್ಟಿಲು ಹಿಡಿದು ಆಚೆ ದಡ ಹತ್ತಿ ಮೈ ಕೊಡವಿತು. ಗಂಟೆ ಮತ್ತೆ ಕೇಳಿಸಿತು. ಈಚೆ ಉಳಿದವುಗಳಲ್ಲೂ ಬಹಳಷ್ಟು ಹಾರಿದವು. ಕೈಯಿದ್ದೂ ಇಲ್ಲದಂತಾಗುವುದು ಏನೆಂದು ನನಗೆ ಆ ದಿನ ತಿಳಿಯಿತು.

ಬಸಣ್ಣ ಕಾಕಾ ನೀರಿಗಿಳಿದು ಕೈಗೆ ಸಿಕ್ಕಷ್ಟು ಎತ್ತಿದ. ಆಮೇಲೆ ತಾತನ ಕಾಲ ಬಳಿ ಕೂತು, "ಹಕ್ಕಿ ಓಡಿಸಾಕ ಒತ್ತಿದ್ನಿ ರೀ ತಾತ" ಎಂದ.

"ನೀ ಒತ್ತಿದ್ದು ಹಕ್ಕಿಗಪ್ಪ," ತಾತ ಹೇಳಿದ. "ಗಂಟಿ ಕಟ್ಟಿದಾವ ನಾನು."

ಅಂದೇ ಗಂಟೆ ಬಿಚ್ಚಿದ. ಹೋತವನ್ನು ಬೈಯಲೂ ಇಲ್ಲ, ಮಾರಲೂ ಇಲ್ಲ. ಉಳಿದ ಕೆಲವೇ ಕುರಿಗಳ ಹಿಂದೆ ಕೋಲು ಹಿಡಿದು, ಸದ್ದಿಲ್ಲದೆ ಬರತೊಡಗಿದ. ಅವ್ವ ಗಡಿಯಾರ ನೋಡಿ ರೊಟ್ಟಿ ಮಾಡಿಟ್ಟರೆ ಅವನು ಬರುವಷ್ಟರಲ್ಲಿ ಆರಿಹೋಗಿರುತ್ತಿತ್ತು. "ನೀವ್ ಬರೂದು ಗೊತ್ತಾಗ್ಲಿಲ್ರೀ ಮಾವ" ಅನ್ನುತ್ತಿದ್ದಳು. ತಾತ ತಣ್ಣನೆಯ ರೊಟ್ಟಿ ಮುರಿಯುತ್ತಿದ್ದ. ಕೊನೆಯವರೆಗೂ ಹಾಗೇ ಉಂಡ.

ಈಗ ಸಿಂಧನೂರಿನ ನನ್ನ ಅಡುಗೆಮನೆಯಲ್ಲೂ ಅಂಥದೇ ಲೈಟರ್ ಇದೆ. ಒತ್ತುತ್ತೇನೆ, ಒಲೆ ಹತ್ತುತ್ತದೆ, ರೊಟ್ಟಿ ಉಬ್ಬುತ್ತದೆ. ಯಾರೋ ಬರುತ್ತಿರುವ ಸಪ್ಪಳವಿಲ್ಲದೆ ಹಂಚಿಡುವುದು ಮಾತ್ರ ಇನ್ನೂ ರೂಢಿಯಾಗಿಲ್ಲ.